ಪಾಳು ಆಸ್ಪತ್ರೆಯ ರಹಸ್ಯ

ಪತ್ತೇದಾರಿ ಮತ್ತು ರೋಮಾಂಚಕಾರಿ ಕಾದಂಬರಿಗಳನ್ನು ಓದುವ ಹವ್ಯಾಸವುಳ್ಳವರಿಗೆ ಈ ಕಥೆಯ ಚೌಕಟ್ಟು ಪರಿಚಿತವಾದುದೇ ಆಗಿರುತ್ತದೆ. ಸಮುದ್ರದ ನಡುವೆ ಒಂದು ದ್ವೀಪ. ಅಲ್ಲವಾದರೆ ಊರಿನಿಂದ ದೂರವಾದ ಒಂದು ಗುಡ್ಡ. ಹಿಂದೊಮ್ಮೆ ಅಂಟುರೋಗಿಗಳನ್ನು ಕೂಡಿಹಾಕುತ್ತಿದ್ದು ಈಗ ಪಾಳುಬಿದ್ದಿರುವ ಒಂದು ಆಸ್ಪತ್ರೆ ಅಲ್ಲಿರುತ್ತದೆ. ಹಗಲು ಅಲ್ಲಿ ಜನಸಂಚಾರವಿಲ್ಲ. ರಾತ್ರಿಯ ಹೊತ್ತು ಮಾತ್ರ ನೆಲಮಾಳಿಗೆಯ ಕಿಟಕಿಯಲ್ಲಿ ದೀಪ ಕಾಣಿಸುತ್ತದೆ. ಊರಿನ ಜನರಲ್ಲಿ ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಕೊನೆಯ ಅಧ್ಯಾಯದಲ್ಲಿ ಕಥಾನಾಯಕನು ಬಾಗಿಲನ್ನು ಒಡೆದು ಒಳನುಗ್ಗುತ್ತಾನೆ. ಬಿಳಿಯ ಅಂಗಿ ತೊಟ್ಟ, ಬುದ್ಧಿಭ್ರಮಣೆಯಾದ ವೈದ್ಯನೊಬ್ಬನು ಜೀವಂತ ಮನುಷ್ಯರ ಮೇಲೆ ಪ್ರಯೋಗ ನಡೆಸುತ್ತಿದ್ದ ಸಂಗತಿ ಬಯಲಾಗುತ್ತದೆ. ಆಸ್ಪತ್ರೆಗೆ ಬೆಂಕಿ ಬೀಳುತ್ತದೆ, ವೈದ್ಯನು ಅದರಲ್ಲಿ ಸುಟ್ಟುಹೋಗುತ್ತಾನೆ, ಕಥೆ ಮುಗಿಯುತ್ತದೆ.

ಈ ಜಾತಿಯ ಕಥೆಗಳಿಗೆ ಒಂದು ವಂಶಾವಳಿಯೇ ಉಂಟು. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1896ರಲ್ಲಿ ಪ್ರಕಟಿಸಿದ, ಮೊರೋ ಎಂಬ ವೈದ್ಯನ ದ್ವೀಪವನ್ನು ಕುರಿತ ಕಾದಂಬರಿಯನ್ನು ಅದರ ಮೂಲಪುರುಷರಲ್ಲೊಂದೆಂದು ಹೇಳಬಹುದು. ಪ್ರಾಣಿಗಳ ಮೇಲೆ ನಡೆಸಿದ ಕ್ರೂರ ಶಸ್ತ್ರಕ್ರಿಯೆಗಳು ಬಯಲಾದುದರಿಂದ ಲಂಡನ್ನನ್ನು ಬಿಟ್ಟು ಓಡಬೇಕಾದ ಈ ಮೊರೋ, ಒಂದು ಒಂಟಿ ದ್ವೀಪದಲ್ಲಿ ಮೃಗಗಳನ್ನು ಕೊಯ್ದು ತಿದ್ದಿ ಮನುಷ್ಯರನ್ನಾಗಿ ಮಾಡಲು ಹೊರಡುತ್ತಾನೆ. ಅನಂತರ ಬಂದ ಎಷ್ಟೋ ಕಾದಂಬರಿಗಳೂ ಚಲನಚಿತ್ರಗಳೂ ಇದೇ ಅಚ್ಚಿನಲ್ಲಿ ಎರಕಗೊಂಡಿವೆ.

ಇಂಥ ಕಥೆಗಳಲ್ಲಿ ಸತ್ಯಾಂಶ ಎಷ್ಟು? ಮನುಷ್ಯನನ್ನು ಆತನ ಇಷ್ಟಕ್ಕೆ ವಿರೋಧವಾಗಿ ಪ್ರಯೋಗಕ್ಕೆ ಒಳಪಡಿಸಿದ ವೈದ್ಯರು ನಿಜವಾಗಿಯೂ ಇದ್ದರೆ? ಇದ್ದರು ಎಂಬುದೇ ಇದಕ್ಕೆ ಉತ್ತರ. ಆದರೆ ಕಥೆಗೂ ಚರಿತ್ರೆಗೂ ಒಂದು ದೊಡ್ಡ ಅಂತರವಿದೆ. ಕಥೆಯಲ್ಲಿ ದುಷ್ಟ ಪ್ರಯೋಗವನ್ನು ಅದರ ಕತ್ತಲೆಯಿಂದ ಗುರುತಿಸಬಹುದು. ಚರಿತ್ರೆಯಲ್ಲಿ ಅಂಥ ಗುರುತು ಸಿಕ್ಕುವುದಿಲ್ಲ. ಅಲ್ಲಿ ಪ್ರಯೋಗ ಮಾಡಿದವರು ಹಾಡುಹಗಲಿನಲ್ಲಿ, ಸರಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ಗೌರವಸ್ಥರು. ಅವರಲ್ಲಿ ಕೆಲವರ ಹೆಸರನ್ನು ನಾವು ಇಂದಿಗೂ ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ಕುಷ್ಠರೋಗದ ಚರಿತ್ರೆಯಿಂದ ಎರಡು ಪ್ರಯೋಗಗಳನ್ನೂ, ಹಳದಿಜ್ವರದ ಚರಿತ್ರೆಯಿಂದ ಒಂದನ್ನೂ, ನಡುವೆ ನಿಜವಾಗಿಯೇ ಪಾಳುಬಿದ್ದುಹೋದ ಒಂದು ಆಸ್ಪತ್ರೆಯನ್ನೂ ಇಲ್ಲಿ ಪರಿಶೀಲಿಸೋಣ.

ಗೋಡೆಯೊಳಗಿನ ಜನ

ಮೊದಲು ಕ್ವಾರಂಟೈನ್ ಎಂಬ ಮಾತಿನ ಅರ್ಥವನ್ನು ತಿಳಿಯುವುದು ಒಳ್ಳೆಯದು. ಏಡ್ರಿಯಾಟಿಕ್ ಸಮುದ್ರತೀರದ ರಗೂಸಾ ನಗರವು 1377ರಲ್ಲಿ, ಪ್ಲೇಗು ಹಬ್ಬಿದ ಊರುಗಳಿಂದ ಬರುವವರು ಮೂವತ್ತು ದಿನ ಹೊರಗೆ ಕಾದಿದ್ದು ಆಮೇಲೆ ಒಳಗೆ ಬರತಕ್ಕದ್ದೆಂದು ವಿಧಿಸಿತು. ಮುಂದೆ ಈ ಅವಧಿ ನಲವತ್ತು ದಿನಗಳಿಗೆ ಏರಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ 'ಕ್ವಾರಂತ' ಎಂದು ಹೆಸರು. ನಮ್ಮ ಕ್ವಾರಂಟೈನ್ ಹುಟ್ಟಿದ್ದು ಅದರಿಂದ. ವೆನಿಸ್ ನಗರವು 1423ರಲ್ಲಿ ಒಂದು ದ್ವೀಪದ ಮೇಲೆ ಪ್ಲೇಗು ರೋಗಿಗಳಿಗಾಗಿಯೇ ಒಂದು ಆಸ್ಪತ್ರೆಯನ್ನು ಸ್ಥಾಪಿಸಿತು.

ಈ ಏರ್ಪಾಡಿನ ಒಂದು ವಿಶೇಷವನ್ನು ಗಮನಿಸಬೇಕು. ಸಾಮಾನ್ಯ ಆಸ್ಪತ್ರೆಗೆ ರೋಗಿಯು ತನ್ನ ಹಿತಕ್ಕಾಗಿ ಹೋಗುತ್ತಾನೆ. ಕ್ವಾರಂಟೈನ್ ಆಸ್ಪತ್ರೆಗೆ ಆತನನ್ನು ಇತರರ ಹಿತಕ್ಕಾಗಿ ಕಳುಹಿಸುತ್ತಾರೆ. ಅದು ಅನೇಕ ವೇಳೆ ಅನಿವಾರ್ಯವಾದ ಕ್ರಮವೇ ಸರಿ; 2020ರ ಕೊರೋನ ಪಿಡುಗಿನ ಕಾಲದಲ್ಲಿ ಅದರ ಅನುಭವ ನಮಗೆಲ್ಲ ಆಗಿದೆ. ಆದರೆ ಅದರಿಂದ ಒಂದು ಅಪಾಯವೂ ಹುಟ್ಟುತ್ತದೆ. ಭೌತವಿಜ್ಞಾನದಲ್ಲಿ ಪ್ರಯೋಗಕ್ಕೆ ಎಲ್ಲಕ್ಕಿಂತ ಅನುಕೂಲವಾದುದು ಹೊರಗಿನ ಪ್ರಭಾವಗಳಿಂದ ಬೇರ್ಪಡಿಸಿದ ಒಂದು ವ್ಯವಸ್ಥೆ. ಉಷ್ಣವನ್ನು ಅಳೆಯುವಾಗ ಪಾತ್ರೆಯ ಸುತ್ತ ಉಣ್ಣೆಯನ್ನೋ ಬೆಂಡನ್ನೋ ಸುತ್ತುವುದು ಇದಕ್ಕಾಗಿಯೇ. ಗೋಡೆಯೊಳಗೆ ಕೂಡಿಹಾಕಿದ ರೋಗಿಗಳ ಗುಂಪು ಸಂಶೋಧಕನ ಕಣ್ಣಿಗೆ ಇಂಥದೇ ಒಂದು ಪಾತ್ರೆಯಂತೆ ಕಾಣಬಹುದು. ಅವರು ಎಲ್ಲಿಗೂ ಹೋಗಲಾರರು. ಅವರ ಆಹಾರ, ನಿದ್ರೆ, ಔಷಧಗಳೆಲ್ಲ ಲೆಕ್ಕದಲ್ಲಿವೆ. ಅವರ ಪರವಾಗಿ ಕೇಳುವ ಬಂಧುಗಳು ದೂರದಲ್ಲಿದ್ದಾರೆ. ಕಾದಂಬರಿಕಾರರು ಕ್ವಾರಂಟೈನ್ ಆಸ್ಪತ್ರೆಯನ್ನು ಆರಿಸಿಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಪ್ರಲೋಭನೆ ನಿಜವಾಗಿಯೂ ಅಲ್ಲಿದೆ.

ಬರ್ಗೆನ್ನಿನ ಕಣ್ಣು

ಕುಷ್ಠರೋಗಕ್ಕೆ ಕಾರಣವಾದ ದಂಡಾಣುವನ್ನು 1873ರಲ್ಲಿ ಮೊದಲು ಕಂಡವನು ನಾರ್ವೆ ದೇಶದ ಬರ್ಗೆನ್ ಪಟ್ಟಣದ ವೈದ್ಯ ಗೆರ್ಹಾರ್ಡ್ ಆರ್ಮಾವರ್ ಹ್ಯಾನ್ಸೆನ್. ಅಲ್ಲಿಯ ತನಕ ಈ ರೋಗವು ವಂಶಪಾರಂಪರ್ಯವಾಗಿ ಬರುವುದೆಂದು ದೊಡ್ಡ ದೊಡ್ಡ ವೈದ್ಯರು ನಂಬಿದ್ದರು. ಹ್ಯಾನ್ಸೆನ್ನನ ಮಾವನೂ ಹಿರಿಯ ಸಹೋದ್ಯೋಗಿಯೂ ಆದ ಡಾನಿಯೆಲ್ಸೆನ್ ಆ ಪಕ್ಷದ ಮುಖಂಡ. ಆತನು ರೋಗಿಗಳ ಗಂಟಿನಿಂದ ತೆಗೆದ ದ್ರವ್ಯವನ್ನು ತನ್ನ ಮೈಗೇ ಚುಚ್ಚಿಕೊಂಡಿದ್ದ. ಆಸ್ಪತ್ರೆಯ ಕೆಲವು ನೌಕರರಿಗೂ ಚುಚ್ಚಿದ್ದ. ಯಾರಿಗೂ ರೋಗ ಬರಲಿಲ್ಲವಾದ ಕಾರಣ ತನ್ನ ಸಿದ್ಧಾಂತವೇ ನಿಜವೆಂದು ತಿಳಿದಿದ್ದ.

ಹ್ಯಾನ್ಸೆನ್ನನು ದಂಡಾಣುವನ್ನು ಕಂಡದ್ದೇನೋ ನಿಜ. ಆದರೆ ಅದೇ ರೋಗಕಾರಕವೆಂದು ಸಾಧಿಸಿ ತೋರಿಸಬೇಕಾಗಿತ್ತು. ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಆತನಿಗೆ ಆಗಲಿಲ್ಲ. ಮೊಲಗಳಿಗೆ ಚುಚ್ಚಿದರೆ ರೋಗ ಬರಲಿಲ್ಲ. ಇಷ್ಟರಲ್ಲಿ 1879ರಲ್ಲಿ ಆಲ್ಬರ್ಟ್ ನೈಸರ್ ಎಂಬ ಜರ್ಮನ್ ತರುಣನು ಬರ್ಗೆನ್ನಿಗೆ ಬಂದು, ಹ್ಯಾನ್ಸೆನ್ನನಿಂದ ಮಾದರಿಗಳನ್ನು ಪಡೆದು ಊರಿಗೆ ಹಿಂತಿರುಗಿ, ಹೊಸ ವರ್ಣದ್ರವ್ಯಗಳಿಂದ ದಂಡಾಣುವಿಗೆ ಬಣ್ಣ ಕಟ್ಟಿ, ಶೋಧದ ಕೀರ್ತಿಗೆ ತಾನೂ ಹಕ್ಕುದಾರನೆಂದು ಲೇಖನ ಬರೆದ. ಹ್ಯಾನ್ಸೆನ್ನನ ಮನಸ್ಸಿನಲ್ಲಿ ಆಗ ಎಂಥ ಆತುರ ಹುಟ್ಟಿರಬಹುದೆಂಬುದನ್ನು ನಾವು ಊಹಿಸಬಹುದು.

ಅದೇ ವರ್ಷದ ನವೆಂಬರ್ 3ರಂದು ಆತನು 33 ವರ್ಷ ವಯಸ್ಸಿನ ಒಬ್ಬ ರೋಗಿ ಹೆಂಗಸನ್ನು ತನ್ನ ಕೋಣೆಗೆ ಕರೆಸಿದ. ಆಕೆಗೆ ಇದ್ದದ್ದು ನರಗಳನ್ನು ಹಿಡಿಯುವ ಸೌಮ್ಯರೂಪದ ಕುಷ್ಠ. ಗಂಟುಗಳೇಳುವ ಉಗ್ರರೂಪದ ರೋಗಿಯಿಂದ ತೆಗೆದ ದ್ರವ್ಯವನ್ನು ಒಂದು ಕಣ್ಣಿನ ಶಸ್ತ್ರದ ಮೊನೆಯಲ್ಲಿ ತೆಗೆದುಕೊಂಡು ಆತನು ಆಕೆಯ ಕಣ್ಣಿನ ಪೊರೆಗೆ ಚುಚ್ಚಿದ. ಏಕೆ ಚುಚ್ಚುತ್ತಿರುವೆನೆಂದು ಹೇಳಲಿಲ್ಲ. ಆಕೆಯ ಒಪ್ಪಿಗೆ ಕೇಳಲಿಲ್ಲ. ಉಗ್ರರೂಪದ ಕುಷ್ಠದಿಂದ ಅನೇಕರು ಕಣ್ಣು ಕಳೆದುಕೊಳ್ಳುತ್ತಿದ್ದ ಕಾಲವದು.

ಈ ಸಂಗತಿ ಮುಚ್ಚಿಹೋಗಲಿಲ್ಲ. ಆಸ್ಪತ್ರೆಯ ಪಾದ್ರಿಯ ಮೂಲಕ ದೂರು ಮೇಲಕ್ಕೆ ಹೋಯಿತು, ಮೊಕದ್ದಮೆ ನಡೆಯಿತು. 1880ರ ಮೇ 31ರಂದು ಬರ್ಗೆನ್ನಿನ ನ್ಯಾಯಾಲಯವು ಹ್ಯಾನ್ಸೆನ್ನನನ್ನು ಆಸ್ಪತ್ರೆಯ ವೈದ್ಯಪದವಿಯಿಂದ ತೆಗೆದುಹಾಕಿತು. ಆ ಹೆಂಗಸಿಗೆ ಉಗ್ರರೂಪದ ರೋಗ ಬರಲಿಲ್ಲವೆಂಬುದು ಆತನನ್ನು ಉಳಿಸಲಿಲ್ಲ. ದೇಶದ ಕುಷ್ಠರೋಗ ನಿವಾರಣೆಯ ಮುಖ್ಯ ವೈದ್ಯಾಧಿಕಾರಿಯ ಪದವಿಯಲ್ಲಿ ಆತನು ಮುಂದುವರಿದ, ಆ ಪದವಿಯಲ್ಲಿ ಮಹತ್ತರವಾದ ಕೆಲಸವನ್ನೂ ಮಾಡಿದ. 1909ರಲ್ಲಿ ಅಂತರರಾಷ್ಟ್ರೀಯ ಕುಷ್ಠರೋಗ ಸಮ್ಮೇಳನವು ಬರ್ಗೆನ್ನಿನಲ್ಲಿಯೇ ಸೇರಿ ಆತನನ್ನು ಗೌರವಿಸಿತು. ಆದರೆ ರೋಗಿಗಳ ಹಾಸಿಗೆಯ ಬಳಿಗೆ ವೈದ್ಯನಾಗಿ ಹೋಗುವ ಹಕ್ಕನ್ನು ಒಂದು ಸಣ್ಣ ಊರಿನ ನ್ಯಾಯಾಲಯ ಆತನಿಂದ ಕಿತ್ತುಕೊಂಡಿತ್ತು. ರೋಗಿಯು ಬಡವಳಾಗಿರಲಿ, ಆಸ್ಪತ್ರೆಯಲ್ಲಿ ಬಂಧಿತಳಾಗಿರಲಿ, ಆಕೆಯ ಕಣ್ಣು ಆಕೆಯದೇ ಎಂಬ ತತ್ತ್ವವನ್ನು ಆ ತೀರ್ಪು ಎತ್ತಿಹಿಡಿಯಿತು.

ಪ್ರತಿಸ್ಪರ್ಧಿಯಾದ ನೈಸರನ ಕಥೆಯೂ ಇದೇ ಬಗೆಯದಾಗಿ ಕೊನೆಗೊಂಡದ್ದು ಸ್ವಾರಸ್ಯಕರ. ಆತನು ಮುಂದೆ ಸಿಫಿಲಿಸ್ ಎಂಬ ಮೇಹರೋಗಕ್ಕೆ ರಕ್ಷಣೆ ಹುಡುಕುತ್ತ, ರೋಗಿಗಳ ರಕ್ತದಿಂದ ತೆಗೆದ ತಿಳಿದ್ರವವನ್ನು ಬೇರೆ ಕಾರಣಗಳಿಗಾಗಿ ಆಸ್ಪತ್ರೆಗೆ ಬಂದಿದ್ದ ಹೆಂಗಸರಿಗೆ, ಅವರಿಗೆ ತಿಳಿಸದೆ, ಚುಚ್ಚಿದ. ಅವರಲ್ಲಿ ಕೆಲವರಿಗೆ ಆ ರೋಗ ಬಂದಿತು. ಆತನಿಗೆ ದಂಡ ವಿಧಿಸಲಾಯಿತು. ಈ ಗದ್ದಲದ ಫಲವಾಗಿ 1900ರ ಕೊನೆಯಲ್ಲಿ ಪ್ರಷ್ಯಾದ ಸರಕಾರವು, ವ್ಯಕ್ತಿಯು ವಿಷಯವನ್ನು ತಿಳಿದು ಒಪ್ಪಿಗೆ ಕೊಡದ ಹೊರತು ಚಿಕಿತ್ಸೆಗೆ ಸಂಬಂಧಿಸದ ಪ್ರಯೋಗಗಳನ್ನು ಆಸ್ಪತ್ರೆಗಳಲ್ಲಿ ನಡೆಸಕೂಡದೆಂದು ಆಜ್ಞೆ ಹೊರಡಿಸಿತು.

ನೇಣಿನ ನೆರಳಿನ ಒಪ್ಪಿಗೆ

ಎರಡನೆಯ ಪ್ರಯೋಗ ನಡೆದದ್ದು ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ. ಅದು ಆಗ ಒಂದು ಸ್ವತಂತ್ರ ರಾಜ್ಯ. ಹೊರದೇಶದವರ ಸಂಪರ್ಕವಾದ ಮೇಲೆ ಅಲ್ಲಿ ಕುಷ್ಠರೋಗ ಬಹಳವಾಗಿ ಹಬ್ಬಿತ್ತು. 1865ರ ಒಂದು ಕಾಯಿದೆಯಂತೆ ರೋಗಿಗಳನ್ನು ಮೊಲೊಕಾಯಿ ದ್ವೀಪದ ಕಲವುಪಾಪ ಎಂಬ ಚಾಚುಭೂಮಿಗೆ ಸಾಗಿಸುವ ಏರ್ಪಾಡಾಯಿತು. ಮೂರು ಕಡೆ ಸಮುದ್ರ, ಒಂದು ಕಡೆ ನೂರಾರು ಮೀಟರು ಎತ್ತರಕ್ಕೆ ಗೋಡೆಯಂತೆ ಎದ್ದು ನಿಂತ ಬಂಡೆ. 1866ರಿಂದ 1969ರವರೆಗೆ ಸುಮಾರು ಎಂಟು ಸಾವಿರ ಜನರನ್ನು ಅಲ್ಲಿಗೆ ಕಳುಹಿಸಲಾಯಿತು. ಗಂಡ ಹೆಂಡಿರನ್ನೂ ತಾಯಿ ಮಕ್ಕಳನ್ನೂ ಅಗಲಿಸಿದ ಆ ದೋಣಿಗಳ ನೆನಪು ಹವಾಯಿಯ ಜನರಲ್ಲಿ ಇನ್ನೂ ಮಾಸಿಲ್ಲ.

1884ರಲ್ಲಿ ಹವಾಯಿಯಲ್ಲಿ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಆರ್ನಿಂಗ್ ಎಂಬ ಜರ್ಮನ್ ವೈದ್ಯನಿಗೆ ಹ್ಯಾನ್ಸೆನ್ನನಿಗೆ ಇದ್ದ ಪ್ರಶ್ನೆಯೇ ಇತ್ತು. ಕುಷ್ಠವು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಯೆ? ಆ ಹೊತ್ತಿಗೆ ಕಿಯಾನು ಎಂಬ ಹವಾಯಿಯವನೊಬ್ಬನಿಗೆ ಕೊಲೆಯ ಅಪರಾಧಕ್ಕಾಗಿ ಮರಣದಂಡನೆಯಾಗಿತ್ತು. ಪ್ರಯೋಗಕ್ಕೆ ಒಪ್ಪಿದರೆ ಪ್ರಾಣವುಳಿಯುವುದೆಂದು ಆತನಿಗೆ ತಿಳಿಸಲಾಯಿತು. ಆತನು ಒಪ್ಪಿದ, ಶಿಕ್ಷೆ ಜೀವಾವಧಿ ಸೆರೆವಾಸಕ್ಕೆ ಇಳಿಯಿತು. 1884ರ ಸೆಪ್ಟೆಂಬರ್ 30ರಂದು ಆರ್ನಿಂಗನು ಒಬ್ಬ ರೋಗಿಯ ಕುಷ್ಠದ ಗಂಟಿನ ಚೂರೊಂದನ್ನು ಕಿಯಾನುವಿನ ಮುಂದೋಳಿನ ಚರ್ಮದೊಳಗೆ ಕಸಿಮಾಡಿದ. ಮೂರು ನಾಲ್ಕು ವರ್ಷಗಳೊಳಗಾಗಿ ಆತನಲ್ಲಿ ಕುಷ್ಠದ ಲಕ್ಷಣಗಳು ಸ್ಪಷ್ಟವಾದುವು. 1889ರಲ್ಲಿ ಆತನನ್ನು ಮೊಲೊಕಾಯಿಗೆ ಸಾಗಿಸಿದರು. 1892ರಲ್ಲಿ ಅಲ್ಲಿಯೇ ತೀರಿಕೊಂಡ.

ಇಲ್ಲಿ ಒಪ್ಪಿಗೆಯೇನೋ ಇತ್ತು. ಆದರೆ ಒಂದು ಕೈಯಲ್ಲಿ ನೇಣುಹಗ್ಗವನ್ನು ಹಿಡಿದು ಇನ್ನೊಂದು ಕೈಯಲ್ಲಿ ಕಾಗದವನ್ನು ಒಡ್ಡಿದರೆ, ಆ ರುಜುವಿಗೆ ಬೆಲೆಯೆಷ್ಟು? ಈ ಪ್ರಶ್ನೆಯನ್ನು ಓದುಗರೇ ಯೋಚಿಸಲಿ. ನಾವೀಗ ಇನ್ನೊಂದು ಪ್ರಶ್ನೆಯನ್ನು ಎತ್ತಿಕೊಳ್ಳೋಣ. ನೀತಿಯ ಮಾತನ್ನು ಒಂದು ಕ್ಷಣ ಬದಿಗಿಟ್ಟು ನೋಡಿದರೂ, ಈ ಪ್ರಯೋಗದಿಂದ ಸಿದ್ಧವಾದುದೇನು?

ಏನೂ ಇಲ್ಲ. ಕಿಯಾನುವಿನ ಮಗನಿಗೂ ಹತ್ತಿರದ ಬಂಧುಗಳಲ್ಲಿ ಕೆಲವರಿಗೂ ಕುಷ್ಠರೋಗವಿದ್ದುದು ಅನಂತರ ಬೆಳಕಿಗೆ ಬಂದಿತು. ರೋಗ ಆತನಿಗೆ ಆರ್ನಿಂಗನ ಕತ್ತಿಯಿಂದ ಬಂದಿತೋ, ಸೆರೆಮನೆಗೆ ಬರುವ ಮೊದಲೇ ಮನೆಯವರ ಒಡನಾಟದಿಂದ ಬಂದಿತ್ತೋ ಹೇಳಲು ದಾರಿಯೇ ಉಳಿಯಲಿಲ್ಲ.

ಇದರ ಗಣಿತವನ್ನು ಸ್ವಲ್ಪ ನೋಡೋಣ. ನಮ್ಮ ಕರುಳಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯವೊಂದು ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ 20 ಸಲ ಇಮ್ಮಡಿಸಿದರೆ ಸಂಖ್ಯೆ ಹತ್ತು ಲಕ್ಷವನ್ನು ದಾಟುತ್ತದೆ. ಇದಕ್ಕೆ ಬೇಕಾದ ಕಾಲ 400 ನಿಮಿಷ, ಅರ್ಥಾತ್ 6 ಗಂಟೆ 40 ನಿಮಿಷ. ಕುಷ್ಠದ ದಂಡಾಣು ಇಮ್ಮಡಿಯಾಗಲು ಸುಮಾರು 13 ದಿನಗಳು ಬೇಕು. ಅದೇ 20 ಇಮ್ಮಡಿಗಳಿಗೆ 260 ದಿನಗಳಾಗುತ್ತವೆ. ಇಷ್ಟು ಮಂದಗತಿಯ ರೋಗಾಣುವನ್ನು ನಮ್ಮ ದೇಹದ ರಕ್ಷಣಾಶಕ್ತಿ ತಡೆಯುತ್ತಲೂ ಇರುತ್ತದೆ. ಆದಕಾರಣ ರೋಗಾಣು ಒಳಹೊಕ್ಕಂದಿನಿಂದ ಲಕ್ಷಣಗಳು ತೋರುವ ತನಕ ಸರಾಸರಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷಗಳಾದರೂ ಹಿಡಿಯುವುದುಂಟು. 1887–88ರಲ್ಲಿ ತಲೆದೋರಿದ ರೋಗದ ಬೀಜ 1884ಕ್ಕೆ ಎಷ್ಟೋ ಮೊದಲೇ ಬಿತ್ತಲ್ಪಟ್ಟಿರಬಹುದು. ಮೇಲಾಗಿ, ಬಹುಪಾಲು ಜನರಿಗೆ ಈ ರೋಗವನ್ನು ಎದುರಿಸುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ ಎಂಬುದು ಇಂದು ನಮಗೆ ತಿಳಿದಿದೆ. ಡಾನಿಯೆಲ್ಸೆನ್ನನ ಮೈಯಲ್ಲಿ ರೋಗ ಹತ್ತದಿದ್ದುದಕ್ಕೂ ಇದೇ ಕಾರಣವಾಗಿರಬಹುದು. ಒಬ್ಬನೇ ಮನುಷ್ಯನ ಮೇಲೆ ಮಾಡಿದ ಪ್ರಯೋಗದಲ್ಲಿ ರೋಗ ಬಂದರೆ ಬಂದಿತೆಂದೂ ಹೇಳಲಾಗದು, ಬಾರದಿದ್ದರೆ ಬರುವುದಿಲ್ಲವೆಂದೂ ಹೇಳಲಾಗದು.

ಕಾದಂಬರಿಯ ದುಷ್ಟ ವೈದ್ಯನನ್ನು ಸಾಮಾನ್ಯವಾಗಿ ಅಸಾಧಾರಣ ಪ್ರತಿಭಾವಂತನೆಂದು ಚಿತ್ರಿಸುತ್ತಾರೆ. ದಯೆಯನ್ನು ತೊರೆದದ್ದರಿಂದಲೇ ಆತನಿಗೆ ಜ್ಞಾನ ದೊರಕಿತೆಂಬ ಭಾವನೆ ಓದುಗನಲ್ಲಿ ಮೂಡುತ್ತದೆ. ಕಿಯಾನುವಿನ ಪ್ರಯೋಗ ಈ ಭ್ರಮೆಗೆ ಒಳ್ಳೆಯ ಔಷಧ. ಒಬ್ಬ ಮನುಷ್ಯನ ದೇಹವನ್ನು ಬಳಸಿಕೊಂಡೂ ಪ್ರಶ್ನೆ ಇದ್ದಲ್ಲಿಯೇ ಇತ್ತು.

ನಿಜವಾಗಿಯೂ ಪಾಳುಬಿದ್ದ ಆಸ್ಪತ್ರೆ

1898ರಲ್ಲಿ ಹವಾಯಿಯು ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಸೇರಿತು. ಕುಷ್ಠರೋಗದ ಸಂಶೋಧನೆಗಾಗಿ ಮೊಲೊಕಾಯಿಯಲ್ಲಿ ಒಂದು ಆಸ್ಪತ್ರೆಯನ್ನೂ ಪ್ರಯೋಗಶಾಲೆಯನ್ನೂ ಕಟ್ಟಲು ಅಮೆರಿಕದ ಸಂಸತ್ತು 1905ರಲ್ಲಿ ಶಾಸನ ಮಾಡಿತು. ಕಟ್ಟಡಕ್ಕೆಂದು ಒಂದು ಲಕ್ಷ ಡಾಲರು ಮಂಜೂರಾಯಿತು. ಆ ಕಾಲಕ್ಕೆ ಅದು ಭಾರಿ ಮೊತ್ತ. ಚಾಚುಭೂಮಿಯ ಪೂರ್ವಕ್ಕಿದ್ದ ಕಲವಾವೊ ಎಂಬಲ್ಲಿ 1909ರ ಡಿಸೆಂಬರಿನಲ್ಲಿ ಕೇಂದ್ರದ ಪ್ರಾರಂಭೋತ್ಸವವಾಯಿತು. ರೋಗಿಗಳು ಎಣ್ಣೆಯ ದೀಪದಲ್ಲಿ ಕಾಲಕಳೆಯುತ್ತಿದ್ದ ಆ ಊರಿನಲ್ಲಿ ಈ ಕೇಂದ್ರಕ್ಕೆ ವಿದ್ಯುದ್ದೀಪಗಳಿದ್ದುವು. ಅಂದಿನ ಅತ್ಯುತ್ತಮ ಉಪಕರಣಗಳಿದ್ದುವು. ಸುತ್ತಲೂ ಎತ್ತರವಾದ ಬೇಲಿಯೂ ಇತ್ತು.

ಎಲ್ಲವೂ ಇತ್ತು, ರೋಗಿಗಳು ಮಾತ್ರ ಬರಲಿಲ್ಲ. ಹತ್ತಿರದಲ್ಲಿಯೇ ನೂರಾರು ರೋಗಿಗಳಿದ್ದರೂ ಒಳಗೆ ಬರಲು ಒಪ್ಪಿದವರು ಒಂಬತ್ತು ಮಂದಿ. ಅವರೂ ಬಹುಕಾಲ ನಿಲ್ಲದೆ ಹೊರಟುಹೋದರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮನೆಮಠಗಳಿಂದ ಒಮ್ಮೆ ಅಗಲಿಸಲ್ಪಟ್ಟ ಆ ಜನ ಕಲವುಪಾಪದಲ್ಲಿ ತಮ್ಮದೇ ಆದ ಹೊಸ ಬಾಳನ್ನು ಕಟ್ಟಿಕೊಂಡಿದ್ದರು. ಅಲ್ಲಿ ಅವರಿಗೆ ಮನೆಗಳಿದ್ದುವು, ಗೆಳೆಯರಿದ್ದರು, ಮದುವೆಗಳು ನಡೆಯುತ್ತಿದ್ದುವು, ಕುದುರೆಗಳನ್ನು ಸಾಕುತ್ತಿದ್ದರು, ಸಂಗೀತವಿತ್ತು. ಸಂಶೋಧನಾ ಕೇಂದ್ರ ಕೇಳಿದ್ದು, ಅದನ್ನೂ ಬಿಟ್ಟು ಬೇಲಿಯೊಳಗೆ ಬಂದು, ವೈದ್ಯರ ಕಟ್ಟಳೆಗಳಂತೆ ಇರಿ ಎಂದು. ಅದಕ್ಕೆ ಪ್ರತಿಯಾಗಿ ಕೊಡಲು ಖಚಿತವಾದ ಔಷಧವೊಂದೂ ಆಗ ಅವರ ಬಳಿ ಇರಲಿಲ್ಲ.

1913ರಲ್ಲಿ ಕೇಂದ್ರವನ್ನು ಮುಚ್ಚಿದರು. ಕಟ್ಟಡಗಳು ಕಡಲಗಾಳಿಯಲ್ಲಿ ಹಲವು ವರ್ಷ ಬರಿದಾಗಿ ನಿಂತಿದ್ದು, 1929ರಲ್ಲಿ ಕೆಡವಲ್ಪಟ್ಟುವು. ಕಾದಂಬರಿಗೆ ಬೇಕಾದ ಸಾಮಗ್ರಿಯೆಲ್ಲ ಇಲ್ಲಿದೆ: ದ್ವೀಪ, ಬಂಡೆ, ಅಂಟುರೋಗ, ಪ್ರಯೋಗಶಾಲೆ, ಪಾಳುಗೋಡೆ. ಆದರೆ ರಹಸ್ಯವೇ ಬೇರೆ. ಈ ಆಸ್ಪತ್ರೆಯನ್ನು ಪಾಳುಗೆಡವಿದ್ದು ಭೂತವಲ್ಲ, ಬೆಂಕಿಯಲ್ಲ, ಒಲ್ಲೆವೆಂದ ರೋಗಿಗಳು. ದೇಶವೇ ಹೊರಗಟ್ಟಿದ್ದ ಜನರಿಗೆ ಉಳಿದಿದ್ದ ಸ್ವಾತಂತ್ರ್ಯ ಅದೊಂದೇ. ಅದನ್ನು ಅವರು ಉಪಯೋಗಿಸಿದರು.

ಹವಾನದ ಎರಡು ಮನೆಗಳು

ಹಾಗಾದರೆ ಮನುಷ್ಯರ ಮೇಲೆ ಪ್ರಯೋಗವೇ ಕೂಡದೆ? ಕೂಡದೆಂದರೆ ಹೊಸ ಔಷಧವೊಂದೂ, ಹೊಸ ಲಸಿಕೆಯೊಂದೂ ಬರಲಾರದು. ಪ್ರಾಣಿಗಳ ಮೇಲೆ ಎಷ್ಟು ಪರೀಕ್ಷೆ ನಡೆಸಿದರೂ ಎಂದಾದರೊಮ್ಮೆ ಮೊದಲನೆಯ ಮನುಷ್ಯನಿಗೆ ಅದನ್ನು ಕೊಡಲೇಬೇಕು. ಅದು ಹೇಗೆ ನಡೆಯಬಹುದೆಂಬುದಕ್ಕೆ ಒಂದು ಉದಾಹರಣೆ ಕ್ಯೂಬಾ ದ್ವೀಪದಲ್ಲಿದೆ.

1900ರಲ್ಲಿ ಹಳದಿಜ್ವರದ ಕಾರಣವನ್ನು ಪತ್ತೆಮಾಡಲು ಅಮೆರಿಕದ ಸೈನ್ಯವು ವಾಲ್ಟರ್ ರೀಡ್ ಎಂಬ ವೈದ್ಯನ ನೇತೃತ್ವದಲ್ಲಿ ಒಂದು ಮಂಡಲಿಯನ್ನು ಹವಾನಕ್ಕೆ ಕಳುಹಿಸಿತು. ರೋಗಿಗಳ ಬಟ್ಟೆ ಹಾಸಿಗೆಗಳಿಂದ ಜ್ವರ ಅಂಟುತ್ತದೆಂಬುದು ಎಲ್ಲರ ನಂಬಿಕೆ. ಸೊಳ್ಳೆಗಳಿಂದ ಹರಡುತ್ತದೆಂದು ಕ್ಯೂಬಾದ ಕಾರ್ಲೋಸ್ ಫಿನ್ಲೇ 1881ರಲ್ಲಿಯೇ ಹೇಳಿದ್ದ. ಆತನನ್ನು ನಂಬಿದವರು ಕಡಮೆ. ಮಂಡಲಿಯ ಸದಸ್ಯರು ಮೊದಲು ತಮ್ಮ ಮೈಯನ್ನೇ ಪರೀಕ್ಷೆಗೊಡ್ಡಿದರು. ಜೇಮ್ಸ್ ಕ್ಯಾರೊಲ್ ಸೊಳ್ಳೆಯಿಂದ ಕಚ್ಚಿಸಿಕೊಂಡು ಸಾವಿನ ಬಾಗಿಲಿಗೆ ಹೋಗಿ ಬಂದ. ಜೆಸ್ಸೆ ಲಜಿಯರ್ ಸೆಪ್ಟೆಂಬರ್ 25ರಂದು ಅದೇ ಜ್ವರದಿಂದ ತೀರಿಕೊಂಡ. ಆತನ ಹೆಸರಿನಲ್ಲಿ ಊರಾಚೆ ಒಂದು ಶಿಬಿರವನ್ನು ಸ್ಥಾಪಿಸಿ ಎರಡು ಸಣ್ಣ ಮನೆಗಳನ್ನು ಕಟ್ಟಿದರು.

ಮೊದಲನೆಯ ಮನೆಯಲ್ಲಿ ಹಳದಿಜ್ವರದಿಂದ ನರಳಿದವರ, ಸತ್ತವರ ಹೊಲಸಾದ ಬಟ್ಟೆಗಳನ್ನೂ ಹಾಸಿಗೆಗಳನ್ನೂ ತುಂಬಿದರು, ಸೊಳ್ಳೆಗೆ ಪ್ರವೇಶವಿಲ್ಲ. ಮೂವರು ಸ್ವಯಂಸೇವಕರು ಇಪ್ಪತ್ತು ರಾತ್ರಿ ಆ ದುರ್ಗಂಧದಲ್ಲಿ ಮಲಗಿದರು. ಅವರ ತರುವಾಯ ಬೇರೆಯವರು ಮಲಗಿದರು. ಒಬ್ಬರಿಗೂ ಜ್ವರ ಬರಲಿಲ್ಲ. ಎರಡನೆಯ ಮನೆ ಶುಭ್ರವಾದುದು; ಅದರ ನಡುವೆ ಬರಿಯ ತಂತಿಜಾಲರಿಯ ಒಂದು ತೆರೆ. ತೆರೆಯ ಒಂದು ಪಕ್ಕದಲ್ಲಿ ರೋಗಿಗಳ ರಕ್ತ ಹೀರಿದ್ದ ಸೊಳ್ಳೆಗಳನ್ನು ಬಿಟ್ಟರು. 1900ರ ಡಿಸೆಂಬರ್ 21ರಂದು ಜಾನ್ ಮೋರನ್ ಎಂಬ ಸ್ವಯಂಸೇವಕ ಆ ಪಕ್ಕದಲ್ಲಿ ಮಲಗಿದ. ಕ್ರಿಸ್ಮಸ್ಸಿನ ದಿನ ಆತನಿಗೆ ಜ್ವರ ಬಂದಿತು. ಅದೇ ಗಾಳಿಯನ್ನು ಉಸಿರಾಡುತ್ತ ತೆರೆಯ ಇನ್ನೊಂದು ಪಕ್ಕದಲ್ಲಿ ಮಲಗಿದವರು ಆರೋಗ್ಯವಾಗಿದ್ದರು.

ಲೋಲಕದ ಪ್ರಯೋಗವನ್ನು ಮಾಡಿದ ವಿದ್ಯಾರ್ಥಿಗಳಿಗೆ ಇದರ ಸೊಗಸು ಕೂಡಲೇ ಹೊಳೆಯುತ್ತದೆ. ಗುಂಡನ್ನು ಬದಲಾಯಿಸದೆ ದಾರದ ಉದ್ದವನ್ನು ಮಾತ್ರ ಬದಲಾಯಿಸಿದಾಗ, ಆಂದೋಲನಕಾಲದ ವ್ಯತ್ಯಾಸಕ್ಕೆ ಉದ್ದವೇ ಕಾರಣವೆಂದು ಹೇಳಬಹುದು. ಜಾಲರಿಯ ಎರಡು ಪಕ್ಕಗಳಿಗೂ ಇದ್ದ ವ್ಯತ್ಯಾಸ ಸೊಳ್ಳೆಯೊಂದೇ. ಕಿಯಾನುವಿನ ಪ್ರಯೋಗದಲ್ಲಿ ಇಲ್ಲದೆ ಹೋದದ್ದು ಈ ಜಾಲರಿಯೇ.

ಶಿಬಿರದ ಸ್ವಯಂಸೇವಕರೊಡನೆ ಲಿಖಿತ ಕರಾರು ಮಾಡಿಕೊಂಡಿದ್ದರು. ಸ್ಪೇನಿನಿಂದ ಬಂದ ವಲಸೆಗಾರರಿಗಾಗಿ ಅದು ಸ್ಪ್ಯಾನಿಷ್ ಭಾಷೆಯಲ್ಲಿಯೂ ಇತ್ತು. ಪ್ರಾಣಾಪಾಯವಿರಬಹುದೆಂಬುದನ್ನು ಅದರಲ್ಲಿ ಮುಚ್ಚಿಡದೆ ಹೇಳಿತ್ತು. ನೂರು ಡಾಲರಿನ ಚಿನ್ನ, ಜ್ವರ ಬಂದರೆ ಇನ್ನೊಂದು ನೂರು ಎಂಬ ಕರಾರು ಬಡವರಿಗೆ ಆಮಿಷವಲ್ಲವೆ ಎಂದು ಇಂದಿನವರು ಕೇಳುತ್ತಾರೆ, ಕೇಳತಕ್ಕ ಪ್ರಶ್ನೆಯೇ. 1901ರಲ್ಲಿ ಹವಾನದಲ್ಲಿಯೇ ಬೇರೊಬ್ಬ ವೈದ್ಯನು ಮುಂದುವರಿಸಿದ ಪ್ರಯೋಗಗಳಲ್ಲಿ ಕ್ಲಾರಾ ಮಾಸ್ ಎಂಬ ದಾದಿಯೂ ಸೇರಿ ಮೂವರು ಸತ್ತಾಗ ಅವನ್ನು ನಿಲ್ಲಿಸಬೇಕಾಯಿತು. ಆದರೂ ಬರ್ಗೆನ್ನಿನಿಂದ ಹವಾನಕ್ಕೆ ಬರುವಷ್ಟರಲ್ಲಿ ವಿಜ್ಞಾನವು ಒಂದು ಹೆಜ್ಜೆ ಮುಂದಿಟ್ಟಿತ್ತೆಂಬುದರಲ್ಲಿ ಸಂದೇಹವಿಲ್ಲ. ಅಲ್ಲಿ ಪ್ರಯೋಗಕ್ಕೆ ಒಳಗಾದವನನ್ನು ಮೊದಲು ಕೇಳಿದ್ದರು.

ಮರೆತ ಪಾಠ

ಒಮ್ಮೆ ಕಲಿತ ಪಾಠ ಶಾಶ್ವತವಾಗಿ ಉಳಿಯುವುದಿಲ್ಲ. ಪ್ರಷ್ಯಾದ ಆಜ್ಞೆ ಹುಟ್ಟಿದ ಜರ್ಮನಿಯಲ್ಲಿಯೇ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿ ವೈದ್ಯರು ಸೆರೆಶಿಬಿರಗಳಲ್ಲಿ ಘೋರಕೃತ್ಯಗಳನ್ನು ನಡೆಸಿದರು. ಚೀನದ ಹಾರ್ಬಿನ್ ನಗರದ ಬಳಿ ಜಪಾನಿನ ಸೈನ್ಯದ 731ನೆಯ ದಳವು ಸಾವಿರಾರು ಸೆರೆಯಾಳುಗಳ ಮೇಲೆ ಪ್ಲೇಗು ಮುಂತಾದ ರೋಗಗಳ ಪ್ರಯೋಗ ಮಾಡಿ ಕೊಂದಿತು. ಆ ದಳದ ಅಧಿಕೃತ ಹೆಸರು ಸಾಂಕ್ರಾಮಿಕ ರೋಗ ತಡೆ ಮತ್ತು ಜಲಶುದ್ಧೀಕರಣ ಇಲಾಖೆ! 1945ರಲ್ಲಿ ಹಿಮ್ಮೆಟ್ಟುವಾಗ ಅವರು ಸಿಡಿಸಿಹೋದ ಕಟ್ಟಡಗಳ ಅವಶೇಷ ಇಂದು ವಸ್ತುಸಂಗ್ರಹಾಲಯದ ಆವರಣದಲ್ಲಿದೆ. ಅಮೆರಿಕದ ಟಸ್ಕೀಗಿಯಲ್ಲಂತೂ ಗೋಡೆಯೂ ಬೇಕಾಗಲಿಲ್ಲ, ಯುದ್ಧವೂ ಬೇಕಾಗಲಿಲ್ಲ. 1932ರಿಂದ 1972ರವರೆಗೆ, ಸಿಫಿಲಿಸ್ ಇದ್ದ ಸುಮಾರು 400 ಮಂದಿ ಬಡ ನೀಗ್ರೋ ರೈತರ ರೋಗ ಹೇಗೆ ಬೆಳೆಯುತ್ತದೆಂದು ಸರಕಾರಿ ವೈದ್ಯರು ನೋಡುತ್ತ ಕುಳಿತರು. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೂ ಅದನ್ನು ಅವರಿಗೆ ಕೊಡಲಿಲ್ಲ.

ನಾಜಿ ವೈದ್ಯರ ವಿಚಾರಣೆಯ ಕೊನೆಯಲ್ಲಿ, 1947ರಲ್ಲಿ, ನ್ಯೂರೆಂಬರ್ಗಿನ ನ್ಯಾಯಾಧೀಶರು ಹತ್ತು ಸೂತ್ರಗಳನ್ನು ಬರೆದರು. ವ್ಯಕ್ತಿಯ ಸ್ವಇಚ್ಛೆಯ ಒಪ್ಪಿಗೆ ಇರಲೇಬೇಕೆಂಬುದು ಅವುಗಳಲ್ಲಿ ಮೊದಲನೆಯದು. ಪ್ರಯೋಗದ ನಡುವೆ ಬೇಕೆಂದಾಗ ಹೊರಬರುವ ಸ್ವಾತಂತ್ರ್ಯವೂ ಅವುಗಳಲ್ಲೊಂದು. 1964ರಲ್ಲಿ ಜಾಗತಿಕ ವೈದ್ಯಸಂಘವು ಹೆಲ್ಸಿಂಕಿಯಲ್ಲಿ ಇದನ್ನು ವಿಸ್ತರಿಸಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 1980ರಲ್ಲಿ ನೀತಿಸೂತ್ರಗಳನ್ನು ಪ್ರಕಟಿಸಿ, 2000, 2006 ಮತ್ತು 2017ರಲ್ಲಿ ಅವನ್ನು ತಿದ್ದಿ ಬೆಳೆಸಿದೆ. ಇಂದು ಮನುಷ್ಯರ ಮೇಲೆ ಔಷಧದ ಪರೀಕ್ಷೆ ನಡೆಸುವ ಮುನ್ನ ನೀತಿಸಮಿತಿಯೊಂದರ ಅನುಮತಿ ಪಡೆಯಬೇಕು; ಆ ಸಮಿತಿಯಲ್ಲಿ ವೈದ್ಯರಲ್ಲದವರೂ ಇರತಕ್ಕದ್ದು.

ಕುಷ್ಠದ ಕಥೆಯೇನಾಯಿತೆಂದು ಓದುಗರು ಕೇಳಬಹುದು. ಹ್ಯಾನ್ಸೆನ್ನನ ದಂಡಾಣುವನ್ನು ಇಂದಿಗೂ ಕೃತಕ ಮಾಧ್ಯಮದಲ್ಲಿ ಬೆಳೆಸಲಾಗಿಲ್ಲ. 1960ರಲ್ಲಿ ಇಲಿಯ ಪಾದದಲ್ಲಿಯೂ, 1971ರಲ್ಲಿ ಆರ್ಮಡಿಲೊ ಎಂಬ ಪ್ರಾಣಿಯಲ್ಲಿಯೂ ಅದನ್ನು ಬೆಳೆಸಲು ಸಾಧ್ಯವಾಯಿತು. 1980ರ ದಶಕದ ಪ್ರಾರಂಭದಿಂದ ಬಳಕೆಗೆ ಬಂದ ಬಹು ಔಷಧ ಚಿಕಿತ್ಸೆಯಿಂದ ರೋಗವು ಆರು ತಿಂಗಳಲ್ಲೋ ಒಂದು ವರ್ಷದಲ್ಲೋ ಪೂರ್ಣವಾಗಿ ಗುಣವಾಗುತ್ತದೆ. ರೋಗಿಗಳನ್ನು ದೂರವಿಡುವ ಅಗತ್ಯವೇ ಉಳಿದಿಲ್ಲ. ಭಾರತದಲ್ಲಿ ಅವರನ್ನು ಹಿಡಿದು ಕೂಡಿಹಾಕಲು ಅವಕಾಶ ಕೊಡುತ್ತಿದ್ದ 1898ರ ಕಾಯಿದೆಯನ್ನು 2016ರಲ್ಲಿ ರದ್ದುಮಾಡಲಾಯಿತು.

ಕಾದಂಬರಿಯನ್ನು ಓದುವ ಬಗೆ

ಇಷ್ಟು ತಿಳಿದ ಮೇಲೆ ರೋಮಾಂಚಕಾರಿ ಕಾದಂಬರಿಗಳನ್ನು ಓದಬಾರದೆಂದೇನೂ ಅಲ್ಲ. ಅವುಗಳಲ್ಲಿ ಕೆಲವು ವಿಜ್ಞಾನದ ನಿಜವಾದ ಧರ್ಮಸಂಕಟವನ್ನು ಮುಟ್ಟಿವೆ. ಅಮೆರಿಕದ ಸಿಂಕ್ಲೇರ್ ಲೂಯಿಸ್ 1925ರಲ್ಲಿ ಬರೆದ 'ಆರೋಸ್ಮಿತ್' ಅಂಥದೊಂದು. ಪಾಲ್ ಡಿ ಕ್ರೈಫ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಅದರ ರಚನೆಗೆ ನೆರವಾಗಿದ್ದ. ಕಥಾನಾಯಕನಾದ ವೈದ್ಯನು ಪ್ಲೇಗು ಹೊಕ್ಕ ದ್ವೀಪವೊಂದಕ್ಕೆ ಹೊಸ ಔಷಧವನ್ನು ಒಯ್ಯುತ್ತಾನೆ. ಅದರ ಗುಣವನ್ನು ಸಿದ್ಧಪಡಿಸಬೇಕಾದರೆ ಅರ್ಧ ಜನರಿಗೆ ಕೊಟ್ಟು ಅರ್ಧ ಜನರಿಗೆ ಕೊಡದೆ ಹೋಲಿಸಿ ನೋಡಬೇಕು. ಅಲ್ಲಿಯೇ ಆತನ ಹೆಂಡತಿ ಪ್ಲೇಗಿಗೆ ಬಲಿಯಾಗುತ್ತಾಳೆ. ಎದೆಗುಂದಿದ ಆತನು ಲೆಕ್ಕವನ್ನು ಬಿಟ್ಟು ಎಲ್ಲರಿಗೂ ಔಷಧ ಕೊಟ್ಟುಬಿಡುತ್ತಾನೆ. ಜನರಿಗೆ ಆತನು ದೇವರಾಗುತ್ತಾನೆ. ಔಷಧಕ್ಕೆ ಗುಣವುಂಟೆ ಎಂಬ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ. ಇಲ್ಲಿ ದುಷ್ಟನಿಲ್ಲ, ಕತ್ತಲೆಯ ನೆಲಮಾಳಿಗೆಯಿಲ್ಲ. ಆದರೂ ಓದುವವನ ನಿದ್ರೆ ಕೆಡುತ್ತದೆ.

ಮುಂದೆ ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ, ಕೆಲವರು ಪ್ರಯೋಗಶಾಲೆಗಳನ್ನು ಸೇರುವಿರಿ. ಹೆಚ್ಚಿನವರು ಎಂದಾದರೊಂದು ದಿನ ರೋಗಿಗಳಾಗಿ ಹಾಸಿಗೆಯ ಮೇಲೆ ಮಲಗುವಿರಿ. ಅಂದು ಯಾವುದೇ ಪ್ರಯೋಗದ ವಿಷಯ ಕಿವಿಗೆ ಬಿದ್ದಾಗ ಮೂರು ಮಾತುಗಳನ್ನು ಕೇಳಿಕೊಳ್ಳಿರಿ. ಆ ವ್ಯಕ್ತಿಗೆ ನಿಜವನ್ನು ಹೇಳಿದ್ದಾರೆಯೆ? ಒಲ್ಲೆನೆಂದರೆ ಆತನಿಗೆ ಕೇಡಿಲ್ಲವೆ? ಪ್ರಯೋಗದ ರಚನೆ ಪ್ರಶ್ನೆಗೆ ಉತ್ತರ ಕೊಡುವಂತಿದೆಯೆ? ಈ ಮೂರಕ್ಕೂ ಹೌದೆಂಬ ಉತ್ತರ ದೊರೆಯದಿದ್ದರೆ, ಕಟ್ಟಡ ಎಷ್ಟು ಹೊಸದಾಗಿರಲಿ, ದೀಪಗಳು ಎಷ್ಟು ಪ್ರಕಾಶವಾಗಿ ಉರಿಯುತ್ತಿರಲಿ, ಕಾದಂಬರಿಯ ನಾಯಕನು ಒಡೆಯಬೇಕಾದ ಬಾಗಿಲು ಅದೇ ಎಂದು ತಿಳಿಯಬಹುದು.